ನರ್ಸಮ್ಮನ ಹತ್ತು ಉಗುರು

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನ್ಯಾಮತಿಯಲ್ಲಿ ಯಾರೂ ಐಬ್ರೋ ಮಾಡಿಸಲು ಬರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಪಾರ್ಲರಿನ ನೀಲಿ ಪರದೆಯಿಂದ ಬಿಸಿಲು ಸೋಸಿ ಬಂದು ನೆಲದ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿರುತ್ತದೆ. ಹೊರಗಿನ ಹೊನ್ನಾಳಿ ಬಸ್ಸಿನ ಹಾರನ್ ಯಾವುದೋ ದೂರದ ಊರಿನದು ಅನ್ನಿಸುತ್ತದೆ. ಕೂತಲ್ಲೇ ಕಣ್ಣು ಎಳೆಯುವ ಅಂಥ ಒಂದು ಹೊತ್ತಿನಲ್ಲೇ ನರ್ಸಮ್ಮ ಪರದೆ ಸರಿಸಿ ಒಳಗೆ ಬಂದರು.

ಅವರನ್ನು ಈ ಕಡೆಯ ಹೆಂಗಸರೆಲ್ಲ ಬಲ್ಲರು. ಮೊದಲು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ಆಮೇಲೆ ಗೋವಿನಕೋವಿಯ ಸುತ್ತಮುತ್ತ ಊರೂರು ತಿರುಗಿ ಹೆರಿಗೆ ಮಾಡಿಸಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿ, ಆ ತಿಂಗಳಷ್ಟೇ ನಿವೃತ್ತರಾಗಿದ್ದರು. ಮನೆಯವರು ಗೋವಿನಕೋವಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನರ್ಸಮ್ಮ ಅಂದರೆ ಎಲ್ಲರಿಗೂ ಇಸ್ತ್ರಿ ಮಾಡಿದ ಸೀರೆ, ಗಟ್ಟಿ ದನಿ. ಅಂಥವರು ಅವತ್ತು ಬಾಗಿಲಲ್ಲಿ ನಿಂತು ಹುಡುಗಿಯ ಹಾಗೆ ನಾಚಿಕೊಂಡರು.

"ಉಗುರು ಹಾಕ್ತೀಯಂತಲ್ಲವ್ವಾ, ಬೋರ್ಡ್‌ನಾಗೆ ಬರ್ಸೀಯ. ನಂಗೂ ಹಾಕ್ತೀಯಾ?"

"ಯಾಕಾಕಲ್ಲ, ಬರ್ರಿ ಸಿಸ್ಟರ್."

"ಡ್ಯೂಟಿ ಇರೋಗಂಟ ಒಂದಿನ ಉಗುರು ಬಿಟ್ಟೋಳಲ್ಲ. ವಾರವಾರ ಕತ್ತರಿಸಿದ್ದೇ ಕತ್ತರಿಸಿದ್ದು. ಈಗ ಬಿಡಾನ ಅಂದ್ರೆ ತಾವಾಗೇ ಸೀಳಿ ಸೀಳಿ ಮುರೀತಾವೆ." ಕೂತು ಕೈಚಾಚಿದವರು, ಆಮೇಲೆ ನೆನಪಾದವರಂತೆ ಕೇಳಿದರು: "ನಂಗೆ ಶುಗರ್ ಐತೆ. ಏನೂ ಆಗಲ್ಲ ತಾನೆ?"

ನಾನು ದಾವಣಗೆರೆಯಲ್ಲಿ ಹದಿನೈದು ದಿನ ಉಗುರಿನ ಕೋರ್ಸ್ ಮಾಡಿ ಬಂದವಳು. ಅಲ್ಲಿ ಶುಗರಿನ ಮಾತೇ ಬಂದಿರಲಿಲ್ಲ. "ಉಗುರಿಗೂ ಶುಗರಿಗೂ ಏನು ಸಂಬಂಧ ಬಿಡ್ರಿ," ಅಂದುಬಿಟ್ಟೆ. ಈಗಲೂ ಒಬ್ಬಳೇ ಇರುವಾಗ ಆ ಮಾತು ಕಿವಿಯಲ್ಲಿ ಕೇಳಿಸುತ್ತದೆ.

ಅವರ ಉಗುರುಗಳು ನಾನು ಅಲ್ಲಿಯವರೆಗೆ ನೋಡಿದವುಗಳ ಹಾಗಿರಲಿಲ್ಲ. ಬುಡದಿಂದ ತುದಿಯವರೆಗೆ ಉದ್ದಕ್ಕೆ ಗೀರುಗಳು, ಹೆಬ್ಬೆರಳಲ್ಲಿ ಸ್ವಲ್ಪ ಹಳದಿ, ಸುತ್ತಲಿನ ಚರ್ಮ ಒಣಗಿ ಬಿರಿದಿತ್ತು. ನಾನು ಕಲಿತಂತೆಯೇ ಮಾಡಿದೆ. ಬುಡದ ತೊಗಲನ್ನು ಹಿಂದಕ್ಕೆ ನೂಕಿ, ಉಗುರಿನ ಹೊಳಪು ಹೋಗುವಷ್ಟು ಅರ ಆಡಿಸಿ, ಪುಡಿ ಒರೆಸಿ, ಎಣ್ಣೆಯಂಶ ತೆಗೆಯುವ ದ್ರಾವಣ ಹಚ್ಚಿ, ಅದರ ಮೇಲೆ ಜೆಲ್ ಹಿಡಿದುಕೊಳ್ಳಲೆಂದು ಪ್ರೈಮರ್ ಹಚ್ಚಿ ಒಣಗಲು ಬಿಟ್ಟೆ. ತುದಿಗೆ ಪ್ಲಾಸ್ಟಿಕ್ಕಿನ ಟಿಪ್ ಅಂಟಿಸಿ ಮೇಲೆ ಗಟ್ಟಿ ಜೆಲ್ ಎಳೆದೆ. ಜೆಲ್ ಗಟ್ಟಿಯಾಗಬೇಕಾದರೆ ಕೈಯನ್ನು ಒಂದು ಪುಟ್ಟ ಡಬ್ಬಿಯಂಥ ಲ್ಯಾಂಪಿನೊಳಗೆ ಇಡಬೇಕು. ಅದರೊಳಗೆ ನೇರಳೆ ಬೆಳಕು. ಆ ಬೆಳಕು ಅವರ ಬೆರಳ ಸಂದಿಯಿಂದ ಸೋರಿ ಸೀರೆಯ ಅಂಚಿನ ಮೇಲೆ ಬಿದ್ದಿತ್ತು. ನೋಡುನೋಡುತ್ತಲೇ ನರ್ಸಮ್ಮನಿಗೆ ಜೊಂಪು ಹತ್ತಿತು. ನಿದ್ದೆಯಲ್ಲೇ ಏನೋ ಮಾತಾಡಿದರು, ಯಾರನ್ನೋ "ಉಸಿರು ಬಿಡು, ಬಿಡು ತಾಯಿ" ಅಂದರು. ಕೆಲಸ ಮುಗಿಯುವವರೆಗೂ ನಾನು ಎಬ್ಬಿಸಲಿಲ್ಲ.

ಈರುಳ್ಳಿ ಸಿಪ್ಪೆಯ ಬಣ್ಣ ಆರಿಸಿಕೊಂಡಿದ್ದರು. ಎದ್ದವರು ಹತ್ತೂ ಬೆರಳನ್ನು ಮುಖದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಮತ್ತೆ ನೋಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕೊಂದು ಅವರನ್ನು ಬಳಸಿಕೊಂಡು ಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ನಾಲ್ಕನೇ ದಿನ ಅದೇ ಹೊತ್ತಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಎರಡು ಉಗುರು ಮೇಜಿನ ಮೇಲಿಟ್ಟರು. ಬಲಗೈ ಹೆಬ್ಬೆರಳಿನದು, ಉಂಗುರ ಬೆರಳಿನದು.

"ಒಂದು ಹಾಸಿಗೆಯಾಗೆ ಸಿಕ್ತು. ಇನ್ನೊಂದು ರೊಟ್ಟಿ ಹಿಟ್ಟಿನಾಗೆ. ಮನೇರು ಪುಣ್ಯಕ್ಕೆ ನೋಡಿ ತೆಗುದ್ರು."

ಇಬ್ಬರೂ ನಕ್ಕೆವು. ಆದರೆ ನನಗೆ ಒಳಗೊಳಗೇ ಅವಮಾನ. ಮೂರು ವಾರ ನಿಲ್ಲಬೇಕಾದ್ದು ಮೂರು ದಿನಕ್ಕೆ ಬಿಚ್ಚಿಕೊಂಡರೆ ತಪ್ಪು ಕೈಯದೇ ಎಂದು ನಮಗೆ ಕಲಿಸಿದ್ದರು. ಒಂದೋ ಉಗುರಲ್ಲಿ ಪಸೆ ಉಳಿದಿರಬೇಕು, ಇಲ್ಲ ಜೆಲ್ ಚರ್ಮಕ್ಕೆ ತಾಗಿರಬೇಕು, ಇಲ್ಲವೇ ತುದಿ ಮುಚ್ಚಿರಲಿಕ್ಕಿಲ್ಲ. ನಾನು ಒಂದೊಂದನ್ನೂ ನೆನಪಿಸಿಕೊಳ್ಳುತ್ತ ಎರಡನ್ನೂ ಹೊಸದಾಗಿ ಹಾಕಿದೆ. ಈ ಸಲ ಅರ ಸ್ವಲ್ಪ ಹೆಚ್ಚೇ ಆಡಿಸಿದೆ. ಪ್ರೈಮರ್ ಎರಡು ಸಲ ಹಚ್ಚಿದೆ. ಉದ್ದ ಕಡಿಮೆ ಮಾಡಿದೆ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ ಅಂದೆ. ಅವರು ನನ್ನ ಮಾತನ್ನು ಡಾಕ್ಟರ ಮಾತಿನಂತೆ ತಲೆಯಾಡಿಸಿ ಕೇಳಿಸಿಕೊಂಡರು.

ಆರು ದಿನಕ್ಕೆ ನಾಲ್ಕು ಬಿಚ್ಚಿಕೊಂಡು ಬಂದವು.

ನನ್ನ ಜೊತೆ ಕೋರ್ಸ್ ಮಾಡಿದ ಗೆಳತಿಯೊಬ್ಬಳು ಚನ್ನಗಿರಿಯಲ್ಲಿ ಪಾರ್ಲರ್ ಇಟ್ಟಿದ್ದಾಳೆ. ನನಗಿಂತ ಕೈ ಚುರುಕು. ಫೋನಿನಲ್ಲಿ ಹೇಳಿದರೆ ಅರ್ಥವಾಗದು ಅನ್ನಿಸಿ, ಬಿಚ್ಚಿದ ಉಗುರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ಒಳಬದಿ ನೋಡಿದಳು.

"ಅಂಟು ಚೆನ್ನಾಗೇ ಹಿಡ್ದೈತೆ ಕಣೇ. ನೋಡು, ಉಗುರಿನ ಪದರಾನೇ ಕಿತ್ತಂಡ್ ಬಂದೈತೆ. ಜೆಲ್ ಬಿಟ್ಟಿಲ್ಲ, ಕೆಳಗಿನ ಉಗುರೇ ಬಿಟ್ಕೊಟ್ಟೈತೆ."

"ಅವರಿಗೆ ಶುಗರ್ ಐತೆ. ಅದಕ್ಕಾ?"

ಅವಳು ಉಗುರುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. "ನನ್ನತ್ರ ಶುಗರ್ ಇರೋರು ಇಬ್ರು ಬರ್ತಾರೆ. ಒಬ್ರಿಗೆ ಎಲ್ಲರ ಹಂಗೇ ಮೂರು ವಾರ ನಿಲ್ತಾವೆ. ಇನ್ನೊಬ್ರಿಗೆ ಏನು ಮಾಡಿದ್ರೂ ನಿಲ್ಲಲ್ಲ. ಅದು ಹೆಂಗೆ ಅಂತ ನಂಗೂ ತಿಳಿದಿಲ್ಲ."

ವಾಪಸು ಬರುವಾಗ ಕಿಟಕಿಗೆ ತಲೆ ಆನಿಸಿದವಳಿಗೆ ನಿದ್ದೆ ಬಂತು. ಕನಸಿನಲ್ಲಿ ಹೊನ್ನಾಳಿ ಸೇತುವೆಯ ಕೆಳಗೆ ತುಂಗಭದ್ರೆ ಮೆಲ್ಲಗೆ ಹರಿಯುತ್ತಿತ್ತು. ನೀರಿನ ಮೇಲೆ ಈರುಳ್ಳಿ ಸಿಪ್ಪೆ ಬಣ್ಣದ ಉಗುರುಗಳು ಸಾವಿರಗಟ್ಟಲೆ ತೇಲಿ ಬರುತ್ತಿದ್ದವು. ನಾನು ದಡದಲ್ಲಿ ಕೂತು ಒಂದೊಂದನ್ನೇ ಎತ್ತಿಕೊಳ್ಳುತ್ತಿದ್ದೆ. ಎತ್ತಿಕೊಂಡದ್ದೆಲ್ಲ ಕೈಯಲ್ಲಿ ಕರಗಿ ನೀರಾಗುತ್ತಿತ್ತು. ಭಯವೇನೂ ಆಗಲಿಲ್ಲ, ಸುಮ್ಮನೆ ದುಃಖವಾಗುತ್ತಿತ್ತು. ಕಂಡಕ್ಟರ್ "ನ್ಯಾಮತಿ, ನ್ಯಾಮತಿ ಇಳೀರಿ" ಅಂದಾಗ ಎಚ್ಚರವಾಯಿತು. ಇಳಿದ ಮೇಲೂ ನೆಲ ತೇಲುತ್ತಿದೆ ಅನ್ನಿಸಿತು.

ಮೂರನೇ ಸಲ ನರ್ಸಮ್ಮ ಕೂತಾಗ, ಬಲಗೈ ಹೆಬ್ಬೆರಳಿನ ಉಗುರು ತುದಿಯಿಂದ ಅರ್ಧದವರೆಗೆ ಮಾಂಸ ಬಿಟ್ಟು ಎದ್ದಿರುವುದು ಕಂಡಿತು. ಅಲ್ಲಿ ಬೆಳ್ಳಗೆ ಒಂದು ಮಚ್ಚೆ, ಅದರ ಅಂಚಿಗೆ ಪಾಚಿಯಂಥ ತೆಳು ಹಸಿರು. ನಾನು ಅದನ್ನು ನೋಡಿದೆ. ನೋಡಿ ಸುಮ್ಮನಾದೆ. ಈ ಸಲವಾದರೂ ನಿಲ್ಲಿಸಿ ತೋರಿಸಬೇಕು ಅನ್ನುವ ಹಟ ಎಷ್ಟಿತ್ತೆಂದರೆ, ಆ ಮಚ್ಚೆಯ ಮೇಲೇ ಜೆಲ್ ಎಳೆದು, ಮೇಲೆ ಗಾಢ ಬಣ್ಣ ಹಚ್ಚಿ ಮುಚ್ಚಿಬಿಟ್ಟೆ. "ಈ ಸಲ ಕೆಂಪು ಹಾಕಾನ ಸಿಸ್ಟರ್, ಚಂದ ಕಾಣ್ತದೆ," ಅಂತ ನಾನೇ ಅಂದೆ. ಅವರು ಕಣ್ಣು ಮುಚ್ಚಿಕೊಂಡೇ "ಹಾಕವ್ವಾ" ಅಂದರು.

ಅವತ್ತು ಅವರು ಹೋದ ಮೇಲೆ ಕೈಯನ್ನು ಎರಡು ಸಲ ಸೋಪಿನಿಂದ ತೊಳೆದುಕೊಂಡೆ.

ನಾಲ್ಕನೇ ಸಲ ಬಂದಾಗ ಎಡಗೈಯ ಮೂರು ಹೋಗಿದ್ದವು. ಬಲ ಹೆಬ್ಬೆರಳಿನ ಕೆಂಪು ಹಾಗೇ ಇತ್ತು. ಎಡಗೈಗೆ ಜೆಲ್ ಹಾಕಿ ಲ್ಯಾಂಪಿನೊಳಗೆ ಇಡಿಸಿದೆ. ಜೆಲ್ ದಪ್ಪ ಹಾಕಿದಾಗ ಬೆಳಕು ಬಿದ್ದ ಕೆಲವೇ ಕ್ಷಣಕ್ಕೆ ಚುರುಕ್ ಅನ್ನುವ ಬಿಸಿ ಏಳುತ್ತದೆ. ಬಂದವರೆಲ್ಲ "ಅಮ್ಮಾ" ಅಂತ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಸ್ವಲ್ಪ ಆರಿದ ಮೇಲೆ ಮತ್ತೆ ಒಳಗಿಡಲು ಹೇಳುತ್ತೇನೆ. ಅವತ್ತು ಎದ್ದ ಪದರ ತುಂಬಲು ನಾನು ಎಂದಿಗಿಂತ ದಪ್ಪ ಹಾಕಿದ್ದೆ. ನರ್ಸಮ್ಮ ಕೈ ಎಳೆದುಕೊಳ್ಳಲಿಲ್ಲ. ಎಂದಿನಂತೆ ಕುತ್ತಿಗೆ ವಾಲಿಸಿ ನಿದ್ದೆ ಹೋಗುತ್ತಿದ್ದರು. ಪರದೆ ಗಾಳಿಗೆ ಉಬ್ಬಿ ತಗ್ಗುತ್ತಿತ್ತು. ಎಲ್ಲ ಎಷ್ಟು ಶಾಂತವಾಗಿತ್ತೆಂದರೆ ನನಗೇ ಒಂದು ಥರ ಹೆದರಿಕೆಯಾಯಿತು. ಮೊದಲ ದಿನದಿಂದಲೂ ಇವರು ಒಮ್ಮೆಯೂ ಕೈ ಎಳೆದುಕೊಂಡಿಲ್ಲವಲ್ಲ ಎಂದು ಆಗ ಹೊಳೆಯಿತು.

ಅವರ ಕೈ ಹೊರಗೆ ತೆಗೆದೆ. ನನ್ನ ಸ್ವಂತ ಬೆರಳಿಗೆ ಅಷ್ಟೇ ದಪ್ಪ ಜೆಲ್ ಹಚ್ಚಿ ಲ್ಯಾಂಪಿನೊಳಗಿಟ್ಟೆ. ಐದು ಎಣಿಸುವುದರೊಳಗೆ ತಡೆಯಲಾಗದೆ ಕೈ ಕಿತ್ತುಕೊಂಡೆ.

"ಸಿಸ್ಟರ್, ಏಳ್ರಿ. ಕೈ ಸುಡಲಿಲ್ವಾ?"

"ಇಲ್ಲವಲ್ಲ. ಯಾಕೆ?"

"ಒಂದಿನಾನೂ ಸುಟ್ಟಿಲ್ವಾ?"

"ಬೆಚ್ಚಗೆ ಆಗ್ತದೆ, ಹಿತ ಅನ್ನಿಸ್ತದೆ."

ನಾನು ಮೇಜಿನ ಮೇಲಿದ್ದ ಬಾಟಲಿಗಳ ಮುಚ್ಚಳ ಒಂದೊಂದಾಗಿ ಹಾಕಿದೆ. ಪ್ರೈಮರ್ ಮುಚ್ಚಿದೆ, ಜೆಲ್ ಮುಚ್ಚಿದೆ. ಅಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. "ಎಲ್ಲಾ ತೆಗೆದುಬಿಡ್ತೀನಿ ಸಿಸ್ಟರ್. ಇನ್ನು ಹಾಕಲ್ಲ. ನೀವು ಡಾಕ್ಟರಿಗೆ ತೋರಿಸ್ರಿ."

ಅವರ ಮುಖ ಬದಲಾಯಿತು. ಬಿಳಿಚೋಡಿನಲ್ಲಿ ಗಂಡಸರನ್ನೂ ಗದರಿಸುತ್ತಿದ್ದರು ಎನ್ನುವ ದನಿ ಅವತ್ತು ನನಗೂ ಕೇಳಿಸಿತು. "ನಂಗೆ ಹೇಳ್ತೀಯಾ? ಊರ ಜನಕ್ಕೆಲ್ಲ ಶುಗರ್ ನೋಡಿ ಮಾತ್ರೆ ಕೊಟ್ಟು ಬಂದೋಳಿಗೆ? ನಿಂಗೆ ಹಾಕಾಕೆ ಬರಲ್ಲ ಅನ್ನು, ಒಪ್ಕಂತೀನಿ. ಶುಗರ್ ಮೇಲೆ ಹಾಕಬೇಡ."

"ನಂಗೆ ಬರಲ್ಲ ಅಂತಾನೇ ಇಟ್ಕಳ್ರಿ. ಆದ್ರೆ ತೆಗೀತೀನಿ."

ಅವರು ಕೈ ಮುಂದಿಟ್ಟರು. ಜೆಲ್ ತೆಗೆಯಲು ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಉಗುರಿನ ಮೇಲಿಟ್ಟು, ಬೆರಳಿಗೆ ಫಾಯಿಲ್ ಸುತ್ತಿ ಕಾಲು ಗಂಟೆ ಬಿಡಬೇಕು. ಹತ್ತು ಬೆರಳಿಗೂ ಬೆಳ್ಳಿ ಬಣ್ಣದ ಟೋಪಿ ಹಾಕಿಕೊಂಡು, ಸಿಟ್ಟಿನಿಂದ ಗೋಡೆಯ ಕಡೆ ಮುಖ ಮಾಡಿ ಕೂತರು. ಆ ಕಾಲು ಗಂಟೆ ಹೇಗೆ ಕಳೆಯುವುದೆಂದು ತಿಳಿಯದೆ, ಸಮಾಧಾನ ಮಾಡಿದ ಹಾಗಾಗಲಿ ಅಂತ, "ಅಲ್ಲಿಗಂಟ ಕಾಲು ತೊಳೀತೀನಿ ಸಿಸ್ಟರ್" ಅಂದು ಬೋಗುಣಿ ತಂದೆ.

ಬಲಗಾಲಿನ ಚಪ್ಪಲಿ ಸಲೀಸಾಗಿ ಬರಲಿಲ್ಲ. ಸ್ವಲ್ಪ ಎಳೆದೆ. ಚಪ್ಪಲಿಯ ಅಡಿಯನ್ನು ತೂರಿ ಬಂದಿದ್ದ ಒಂದು ಜಾಲಿ ಮುಳ್ಳು ಎರಡನೇ ಬೆರಳ ಕೆಳಗೆ ನಟ್ಟಿತ್ತು. ಚಪ್ಪಲಿ ಮೆಟ್ಟಿದಾಗೆಲ್ಲ ಅದೇ ಜಾಗಕ್ಕೆ ಚುಚ್ಚುತ್ತಿದ್ದಿರಬೇಕು. ಹೊರಬಂದಾಗ ಅದರ ಜೊತೆ ಕೀವು ಬಂತು, ಕೆಟ್ಟ ವಾಸನೆ ಬಂತು. ಬೆರಳು ಊದಿ ಕಪ್ಪಾಗಿತ್ತು. ನಾನು ತಲೆ ಎತ್ತಿ ನೋಡಿದೆ. ನರ್ಸಮ್ಮ ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಿರಲಿಲ್ಲ.

"ಸಿಸ್ಟರ್, ಇಲ್ಲಿ ನೋಡ್ರಿ."

ಬಗ್ಗಿ ನೋಡಿದರು. ಬೆಳ್ಳಿಯ ಬೆರಳುಗಳನ್ನು ಗಾಳಿಯಲ್ಲಿ ಹಾಗೇ ಹಿಡಿದುಕೊಂಡು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಸಿಟ್ಟು ಇಳಿದಿತ್ತು. ಕೊನೆಗೆ, ಮನೆಮನೆಗೆ ಹೋಗಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು: "ಇದು ಎಷ್ಟು ದಿನದ್ದು?"

ಯಾರನ್ನು ಕೇಳಿದರೋ.

"ನೀರು ಹಾಕಬ್ಯಾಡ," ಅಂದರು ಮರುಕ್ಷಣ. "ಬೋಗುಣಿ ಆ ಕಡೆ ಇಡು. ಶುದ್ಧ ಬಟ್ಟೆ ಇದ್ರೆ ಸಡಿಲಾಗಿ ಕಟ್ಟು. ಮನೇರಿಗೆ ಫೋನ್ ಮಾಡು. ಅತ್ಲಾಗೆ ಒಂದು ಆಟೋ ನಿಲ್ಸು."

ಫಾಯಿಲ್ ಬಿಚ್ಚಿ ಮೆತ್ತಗಾದ ಜೆಲ್ ಜಾರಿಸಿ ತೆಗೆದೆ. ಹೆಬ್ಬೆರಳಿನ ಕೆಂಪಿನಡಿ ಹಸಿರು ಮಚ್ಚೆ ಮೊದಲಿಗಿಂತ ದೊಡ್ಡದಾಗಿತ್ತು. ಅವರೂ ನೋಡಿದರು. ಆಟೋದಲ್ಲಿ ಹೊನ್ನಾಳಿಯ ಆಸ್ಪತ್ರೆಗೆ ಹೋಗುವಾಗ ನನ್ನ ತೊಡೆಯ ಮೇಲೆ ಅವರ ಕಾಲಿತ್ತು. ರಸ್ತೆ ಬದಿಯ ಗದ್ದೆಗಳಲ್ಲಿ ಬಿಸಿಲು ಕರಗಿ ನಿಂತಿತ್ತು. ಅವರು ದಾರಿಯುದ್ದಕ್ಕೂ ಹೊರಗೆ ನೋಡುತ್ತ, ಒಮ್ಮೆ ಮಾತ್ರ "ಚಂದಿದ್ವು ಕಣವ್ವಾ ಉಗುರು" ಅಂದರು.

ಆಸ್ಪತ್ರೆಯಲ್ಲಿ ಬೆರಳ ತುದಿ ಚುಚ್ಚಿ ನೋಡಿದಾಗ ಮೀಟರು ಸಂಖ್ಯೆ ತೋರಿಸಲಿಲ್ಲ, ಅಳತೆ ಮೀರಿದೆ ಎಂದು ಮಾತ್ರ ತೋರಿಸಿತು. ಅವತ್ತೇ ಗಾಯ ಬಿಡಿಸಿ ತೊಳೆದು, ಅಡ್ಮಿಟ್ ಮಾಡಿಕೊಂಡು ಇನ್ಸುಲಿನ್ ಶುರು ಮಾಡಿದರು. ಐದನೇ ದಿನ ಎರಡನೇ ಬೆರಳನ್ನು ತೆಗೆಯಬೇಕಾಯಿತು. ಇನ್ನೊಂದು ವಾರ ತಡವಾಗಿದ್ದರೆ ಪಾದಕ್ಕೇ ಕೈ ಹಾಕಬೇಕಾಗುತ್ತಿತ್ತು ಎಂದರು ಡಾಕ್ಟರ್. ಅವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಮಗಳೆಂದು ತಿಳಿದು ಮಾತಾಡುತ್ತಿದ್ದರು. ನಾನು ಯಾರೆಂದು ಹೇಳಿ, ಎಷ್ಟೋ ದಿನದಿಂದ ಒಳಗೆ ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ: "ಶುಗರ್ ಇದ್ರೆ ಉಗುರು ನಿಲ್ಲಲ್ವಾ ಮೇಡಂ?"

ಅವರು ನಗಲಿಲ್ಲ. "ಶುಗರ್ ಬಂದು ಅಂಟು ಬಿಡ್ಸಲ್ಲಮ್ಮ. ಹಿಡಿತದಲ್ಲಿದ್ರೆ ಎಲ್ಲರ ಹಾಗೇ ನಿಲ್ಲಬಹುದು. ಬಹಳ ದಿನ ಹಿಡಿತ ತಪ್ಪಿದ್ರೆ ಉಗುರು ಒಣಗ್ತದೆ, ದಪ್ಪ ಆಗ್ತದೆ, ಪದರ ಪದರ ಏಳ್ತದೆ, ಫಂಗಸ್ ಬೇಗ ಹಿಡೀತದೆ. ಅಂಥ ಉಗುರಿನ ಮೇಲೆ ಏನು ಅಂಟಿಸಿದ್ರೂ ಎಷ್ಟು ದಿನ ಇರ್ತದೆ? ಆದ್ರೆ ನೀವು ಕೇಳಬೇಕಾದ್ದು ಅದಲ್ಲ. ಬೆರಳಿಗೆ ಬಿಸಿ ಗೊತ್ತಾಗಲ್ಲ, ಗಾಯ ಗೊತ್ತಾಗಲ್ಲ. ನರ ಸೋತಿರ್ತವೆ. ಅದು ಕಾಲಲ್ಲಿ ಮೊದಲು, ಕೈಗೆ ಆಮೇಲೆ ಬರೋದು. ಕೈಗೇ ಬಂದಿದೆ ಅಂದ್ರೆ ಮೊದಲು ಕಾಲು ನೋಡಬೇಕು."

ಚನ್ನಗಿರಿಯ ಗೆಳತಿ ಹೇಳಿದ ಆ ಇಬ್ಬರು ಹೆಂಗಸರು ನೆನಪಾದರು. ಅವಳಿಗೆ ಆಸ್ಪತ್ರೆಯ ಮೆಟ್ಟಿಲ ಮೇಲಿನಿಂದಲೇ ಫೋನ್ ಮಾಡಿದೆ. ಉಗುರು ನಿಲ್ಲದವರ ಕಾಲು ನೋಡು ಅಂದೆ.

ಬೆರಳು ತೆಗೆದ ಮರುದಿನ ನರ್ಸಮ್ಮನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಮಚ್ಚೆ ಕಂಡದ್ದು, ಕಂಡೂ ಕೆಂಪು ಬಣ್ಣ ಹಚ್ಚಿ ಮುಚ್ಚಿದ್ದು. ಹೇಳುವಾಗ ಅವರ ಕಣ್ಣು ನೋಡಲಾಗದೆ ಕಿಟಕಿ ನೋಡುತ್ತಿದ್ದೆ.

"ಗೊತ್ತಿತ್ತು," ಅಂದರು.

"ಹೆಂಗೆ?"

"ಅವತ್ತು ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಕಂಡಿದ್ದೆ. ಅರದ ಸದ್ದು ನಿಂತಿದ್ದು ಗೊತ್ತಾತು." ಹೊದಿಕೆ ಸರಿಮಾಡಿಕೊಂಡು ಮತ್ತೆ ಅಂದರು, "ನಾನೂ ಮುಚ್ಚಿಟ್ಟಿದ್ದೆ ಕಣವ್ವಾ. ರಿಟೈರಾದ ದಿನದಿಂದ ಮಾತ್ರೆ ಮುಟ್ಟಿಲ್ಲ, ರಕ್ತ ನೋಡ್ಕಂಡಿಲ್ಲ. ಅದಕ್ಕೂ ಮುಂಚೆ ನೆನಪಾದಾಗ ತಗಳದು ಅಷ್ಟೆ. ಆಯುಷ್ಯೆಲ್ಲ ಸೂಜಿ ಹಿಡ್ದು ಸಾಕಾಗಿತ್ತು. ಇನ್ನು ನಾನು ನರ್ಸಲ್ಲ, ಸುಮ್ನೆ ಒಬ್ಬ ಹೆಂಗಸು ಅಂತ ಇರಾನ ಅನ್ನಿಸ್ತು. ನಿನ್ನ ಪಾರ್ಲರ್‌ನಾಗೆ ಕೂತಾಗ ಹಂಗೇ ಇದ್ದೆ ನೋಡು. ಯಾರೋ ಕೈ ಹಿಡ್ಕಂಡು ಕೂತವ್ರೆ, ನಾನು ನಿದ್ದೆ ಮಾಡ್ತಿದೀನಿ. ಬಿಚ್ಚಿ ಹೋದ್ರೆ ಹೋಗ್ಲಿ, ಮತ್ತೆ ಬರಬೋದಲ್ಲ ಅನ್ನಿಸೋದು."

ನಾನು ಅವರ ಕೈ ಹಿಡಿದುಕೊಂಡೆ. ಬಣ್ಣವಿಲ್ಲದ ಬೋಳು ಉಗುರುಗಳು. ಅರ ಆಡಿಸಿ ಆಡಿಸಿ ನಾನೇ ತೆಳ್ಳಗೆ ಮಾಡಿದ್ದೆ.

ಗಾಯ ಮಾಯಲು ಎರಡು ತಿಂಗಳಿಗಿಂತ ಹೆಚ್ಚು ಬೇಕಾಯಿತು. ಹೆಬ್ಬೆರಳ ಉಗುರು ಬುಡದಿಂದ ಹೊಸದಾಗಿ ಪೂರ್ತಿ ಬರಲು ಇನ್ನೂ ತಡವಾಯಿತು. ಕೂದಲೆಳೆಯಷ್ಟು ಕೂದಲೆಳೆಯಷ್ಟು ಅದು ಮುಂದೆ ಸರಿಯುವುದನ್ನು ನಾವಿಬ್ಬರೂ ನೋಡುತ್ತಿದ್ದೆವು. ಅವರು ಮಧ್ಯಾಹ್ನದ ಹೊತ್ತು ಬಂದು ಕೂರುತ್ತಿದ್ದರು. ನಾನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ನನ್ನ ಕೈಗೆ ಮೊದಲು ಹಾಕಿ ನೋಡಿ, ಆಮೇಲೆ ಅವರ ಉಗುರ ಬುಡಕ್ಕೆ ತಿಕ್ಕುತ್ತಿದ್ದೆ. ಉಗುರು ಹಾಕಿಸಲು ಬಂದ ಯಾರನ್ನೇ ಆಗಲಿ ಈಗ ಮೊದಲು ಕೇಳುವುದು ಶುಗರ್ ಇದೆಯಾ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ ಅಂತ. ಕೆಲವರಿಗೆ ಸಿಟ್ಟು ಬರುತ್ತದೆ. ಇಬ್ಬರು ಎದ್ದೂ ಹೋಗಿದ್ದಾರೆ.

ಒಂದು ದಿನ ನರ್ಸಮ್ಮ ಬಂದವರೇ, ಬಿಳಿಚೋಡಿಗೆ ಹೋಗಬೇಕು ಅಂದರು. ಅಲ್ಲಿ ಅವರ ಕೈಯಲ್ಲೇ ಹುಟ್ಟಿದ್ದ ಕುರುಬರ ಮನೆಯ ಹುಡುಗಿಯೊಬ್ಬಳಿಗೆ ಈಗ ಹೆಣ್ಣು ಮಗು. ತೊಟ್ಟಿಲ ಶಾಸ್ತ್ರಕ್ಕೆ ಬರಲೇಬೇಕೆಂದು ಫೋನಿನ ಮೇಲೆ ಫೋನ್.

"ಆವತ್ತೊಂದಿನಕ್ಕೆ ಉಗುರು ಹಾಕು," ಅಂದರು. ನನ್ನ ಮುಖ ನೋಡಿ, "ಡಾಕ್ಟರಮ್ಮನ್ನ ಕೇಳೀನಿ. ಲ್ಯಾಂಪ್ ಬ್ಯಾಡ, ಅರ ಬ್ಯಾಡ. ಸಂಜಿಗೆ ತೆಗೀಬೇಕು. ಹಂಗಿದ್ರೆ ಆಗ್ಲಿ ಅಂದವ್ರೆ."

ಅದಕ್ಕೆ ಬೇರೆ ಥರದ ಉಗುರು ಇವೆ. ಎರಡೂ ಬದಿ ಅಂಟುವ ಮೆತ್ತನೆ ಪಟ್ಟಿಯಿಂದ ಹಚ್ಚುವುದು. ಉಗುರನ್ನು ಉಜ್ಜುವುದಿಲ್ಲ, ಸುಡುವುದಿಲ್ಲ, ಒಂದು ದಿನ ನಿಂತರೆ ಹೆಚ್ಚು. ನಾನು ಅವರ ಹತ್ತೂ ಉಗುರನ್ನು, ಸುತ್ತಲ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಲನ್ನೂ ನೋಡಿದೆ. ಎಲ್ಲೂ ಗಾಯವಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅಳತೆಗೆ ಕತ್ತರಿಸಿದ ಹತ್ತು ಉಗುರು ಅಂಟಿಸಿ, ಒಂದೊಂದನ್ನೂ ಅರ್ಧ ನಿಮಿಷ ಒತ್ತಿ ಹಿಡಿದೆ. ನೀನೂ ಬಾ ಅಂದದ್ದಕ್ಕೆ ಪಾರ್ಲರಿಗೆ ಬೀಗ ಹಾಕಿ ಜೊತೆಗೆ ಹೊರಟೆ.

ಹೊನ್ನಾಳಿ, ದಾವಣಗೆರೆ ದಾಟಿ, ಬಯಲು ಅಗಲವಾಗುತ್ತ ಹೋದಂತೆ ಬಸ್ಸಿನೊಳಗೆ ಗಾಳಿ ಬಿಸಿಯಾಯಿತು. ನರ್ಸಮ್ಮ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಹರಡಿಕೊಂಡು ಕೂತಿದ್ದರು. ದೂರದಲ್ಲಿ ಕುರಿಮಂದೆ ಮೋಡದ ನೆರಳಿನ ಹಾಗೆ ಸರಿಯುತ್ತಿತ್ತು.

ಬಿಳಿಚೋಡಿನ ಆ ಮನೆ ತುಂಬ ಹೆಂಗಸರಿದ್ದರು. "ಅಯ್ ನರ್ಸಮ್ಮಾರು! ಕೈ ನೋಡ್ರೇ, ಸಿನಿಮಾದೋರ ಕೈ ಆಗ್ಯಾವೆ!" ಎಂದು ಸುತ್ತುವರಿದರು. ನರ್ಸಮ್ಮ ಕೈ ತಿರುಗಿಸಿ ತಿರುಗಿಸಿ ತೋರಿಸಿದರು. ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಗ ಒಳಗಿನಿಂದ ಬಾಣಂತಿ ಬಂದು, "ಮೊದಲು ನೀವು ಎತ್ಗಳ್ರಿ ಅಮ್ಮಾರೇ, ಆಮೇಲೆ ತೊಟ್ಲಿಗೆ," ಅಂತ ಮಗುವನ್ನು ಮುಂದೆ ಹಿಡಿದಳು.

ನರ್ಸಮ್ಮ ಕೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು. ಮಗುವಿನ ಕೆನ್ನೆ ನೋಡಿದರು, ತಮ್ಮ ಬೆರಳು ನೋಡಿದರು. "ಒಂದೀಟು ತಡಿಯವ್ವಾ," ಅಂದು ಅಲ್ಲೇ ಕಟ್ಟೆಯ ಮೇಲೆ ಕೂತು, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಉಗುರನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದರು. ಹಾಕಿ ಇನ್ನೂ ಆರು ತಾಸೂ ಆಗಿರಲಿಲ್ಲ. ಹೆಂಗಸರು ನೋಡುತ್ತಿದ್ದರು. ಹತ್ತನ್ನೂ ನನ್ನ ಅಂಗೈಗೆ ಸುರಿದು, ಹಿತ್ತಿಲಿಗೆ ಹೋಗಿ ಮೊಳಕೈಯವರೆಗೆ ಸೋಪು ಹಚ್ಚಿ ತೊಳೆದು ಬಂದರು.

ಮಗು ತೋಳಿಗೆ ಬಂದ ಮೇಲೆ ಅವರು ಯಾರ ಕಡೆಗೂ ನೋಡಲಿಲ್ಲ. ಬಗ್ಗಿ, ತುಟಿಯನ್ನು ಅದರ ಹಣೆಗೆ ತಾಗಿಸಿ, ಕಣ್ಣು ಮುಚ್ಚಿಕೊಂಡು ನಿಂತರು. ಆಮೇಲೆ ನನ್ನತ್ತ ತಿರುಗಿ ಪಿಸುಮಾತಿನಲ್ಲಿ ಹೇಳಿದರು:

"ಬೆರಳಿಗೆ ಗೊತ್ತಾಗಲ್ಲ ಕಣೇ. ತುಟಿಗೆ ಗೊತ್ತಾಗ್ತದೆ. ಬೆಚ್ಚಗೈತೆ."